ಹೊಳೆಗೆ ಹೋಗದ ಹೂವು

ನಮ್ಮ ಸೋದರಮಾವ ತಮ್ಮ ಸರ್ವಿಸ್ಸನ್ನೆಲ್ಲ ನೀರಾವರಿ ಇಲಾಖೆಯಲ್ಲಿ ಕಾಲುವೆ ತೋಡಿಸುತ್ತ ಕಳೆದವರು. ಅವರು ನಿಂತು ಮಾಡಿಸಿದ ಕಾಲುವೆಗಳಲ್ಲಿ ನೀರು ಹರಿದು ಎಷ್ಟೋ ಊರಿನ ಹೊಲ ಹಸಿರಾಗಿವೆ ಅಂತ ಕೇಳಿದ್ದೇನೆ. ನಮ್ಮ ಮನೆಯ ಬಚ್ಚಲಲ್ಲಿ ಮಾತ್ರ ನೀರು ಹರಿಯಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಾವು ಮನೆ ಕಟ್ಟಿಸುವಾಗ, ಬಚ್ಚಲಿನ ಇಳಿಜಾರು ಗೌಂಡಿಯ ಕೈಗೆ ಬಿಡುವ ಕೆಲಸವಲ್ಲ ಅಂತ ಮಾವ ತಾವೇ ನೆಲ ಸಮವೋ ಓರೆಯೋ ತೋರಿಸುವ ರಸಮಟ್ಟ ಹಿಡಿದು ಕುಕ್ಕರುಗಾಲಲ್ಲಿ ಕೂತರು. ಇವತ್ತಿಗೂ ನಾಲ್ಕು ತಂಬಿಗೆ ಸುರುವಿಕೊಂಡರೆ ನೀರು ಮೂಲೆಗೆ ಹೋಗಿ, ಮುಂದೇನು ಮಾಡಲಿ ಅಂತ ಯೋಚಿಸುತ್ತ ನಿಲ್ಲುತ್ತದೆ. ನಮ್ಮ ಯಜಮಾನರು ಅದಕ್ಕೆ 'ಮಾವನ ಡ್ಯಾಮು' ಅಂತ ಹೆಸರಿಟ್ಟರು. ಮಾವ ಬೇಜಾರು ಮಾಡಿಕೊಳ್ಳಲಿಲ್ಲ.

"ಅಳಿಯಾರ, ಡ್ಯಾಮು ಎಲ್ಯಾರ ಸೋರತೈತೇನು? ಇಲ್ಲ. ಮತ್ತೇನು ಬೇಕು ನಿಮಗ?" ಅಂದರು.

ಅವರು ನಮ್ಮವ್ವನ ತಮ್ಮ, ಕೊಟ್ಟೂರಿನವರು. ನಾನು ಸಣ್ಣವಳಿದ್ದಾಗ ರಜೆಗೆ ಊರಿಗೆ ಬಂದರೆ ಅಂಗಳದಲ್ಲಿ ನನ್ನ ಕೂಡಿಸಿಕೊಂಡು ಬೆರಳಲ್ಲಿ ಕಾಲುವೆ ಗೀರುತ್ತಿದ್ದರು. ನಾನು ಚೊಂಬಿನಿಂದ ನೀರು ಬಿಡುವುದು, ಅದು ನನಗೆ ಬೇಕಾದ ಕಡೆ ಹೋಗದಿದ್ದರೆ ಅಳುವುದು. "ಅತ್ತರ ನೀರು ಬರಂಗಿಲ್ಲವ್ವಾ," ಅನ್ನುತ್ತಿದ್ದರು. "ಮನಷ್ಯಾರಿಗೆ ಸುಳ್ಳು ಹೇಳಬೌದು, ನೀರಿಗೆ ಸುಳ್ಳು ಹೇಳಾಕ ಬರಂಗಿಲ್ಲ. ಇಳಿಜಾರು ಇದ್ರ ಹೋಗತೈತಿ, ಇಲ್ಲಂದ್ರ ನಿಂದ್ರತೈತಿ." ಆ ಮಾತನ್ನು ನಾನು ಬಹಳ ದಿನ ನೆನಪಿಟ್ಟುಕೊಂಡಿದ್ದೆ. ಅದರ ಮೊದಲರ್ಧವನ್ನೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು ಅಂತ ಆಮೇಲೆ ಗೊತ್ತಾಯಿತು.

ಮಾವನ ಹೆಂಡತಿ, ನಮ್ಮ ಅತ್ತಿ, ಬಹಳ ಬೇಗ ತೀರಿಕೊಂಡರು. ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ನಡುವೆ ರಿಟೈರಾದಾಗ ಕೊಟ್ಟೂರಿನವರು ಊರಿಗೇ ಬಾ ಅಂದರು. ಮಾವ ನಮ್ಮ ಊರಿನ ಅಂಚಿಗೆ, ಹಂಪಸಾಗರದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮನೆ ಕಟ್ಟಿಸಿಕೊಂಡರು. ಕಾರಣ ಕೇಳಿದವರಿಗೆಲ್ಲ ಒಂದೇ ಉತ್ತರ: "ನಮ್ಮ ಹುಡುಗಿ ರೊಟ್ಟಿ ನೋಡ್ರಿ, ಕಾಂಪಾಸು ಇಟ್ಟು ತಿರುವಿದಂಗ ಇರತಾವು." ನನ್ನ ರೊಟ್ಟಿ ಅಷ್ಟು ದುಂಡಗಿರುವುದಿಲ್ಲ. ಎಂಜಿನಿಯರ್ ಹೇಳಿದ್ದಾರೆ ಅಂತ ಯಾರೂ ಅಳೆದು ನೋಡಲಿಲ್ಲ, ಅದೊಂದು ಶಿವನ ಕೃಪೆ. ಮಧ್ಯಾಹ್ನದ ಊಟ ಅವರದು ದಿನಾ ನಮ್ಮ ಮನೆಯಲ್ಲೇ. ಬರುವಾಗ ಕೈಚೀಲದಲ್ಲಿ ರಸಮಟ್ಟ ಇದ್ದೇ ಇರುತ್ತಿತ್ತು. ಒಂದು ದಿನ ಸುಮ್ಮನೆ ದೇವರ ಜಗಲಿಯ ಮೇಲೆ ಅದನ್ನಿಟ್ಟು ಒಳಗಿನ ಗುಳ್ಳೆಯನ್ನೇ ದಿಟ್ಟಿಸಿ, "ಅವ್ವೀ, ನಿನ್ನ ದೇವರು ಹೊಸಪೇಟಿ ಕಡಿಗಿ ವಾಲ್ಯಾನ," ಅಂದರು. ನಾನು ಮೂರು ದಿನ ಮಾತು ಬಿಟ್ಟೆ. ನಾಲ್ಕನೆಯ ದಿನ ಜಗಲಿಯ ಕೆಳಗೆ ಒಂದು ರಟ್ಟಿನ ತುಂಡು ಸೇರಿಸಿದೆ.

ನನ್ನ ಭಕ್ತಿಯ ವಿಷಯ ಇಲ್ಲಿ ಹೇಳಲೇಬೇಕು, ಅದೇ ನನ್ನನ್ನು ಬೀಳಿಸಿದ್ದು. ನಮ್ಮದು ಲಿಂಗ ಕಟ್ಟುವ ಮನೆತನ. ಸಣ್ಣವಳಿದ್ದಾಗ ಗುರುಗಳು ಕೊರಳಿಗೆ ಕಟ್ಟಿದ ಇಷ್ಟಲಿಂಗ ಸಾಯುವ ತನಕ ಮೈಮೇಲಿರಬೇಕು, ಸತ್ತ ಮೇಲೆ ಮಣ್ಣಿಗೂ ಜೊತೆಗೇ ಬರಬೇಕು. ಬೆಳಗ್ಗೆ ಅದನ್ನು ಬಿಚ್ಚಿ, ಎಡಗೈಯಲ್ಲಿಟ್ಟುಕೊಂಡು, ನೀರು, ವಿಭೂತಿ, ಪತ್ರಿ, ಹೂವು ಏರಿಸಿ ಪೂಜೆ ಮಾಡಿ, ಮತ್ತೆ ಕೊರಳಿಗೆ ಕಟ್ಟಿಕೊಂಡ ಮೇಲೆಯೇ ನೀರು, ಅನ್ನ. ಇಷ್ಟು ಎಲ್ಲರೂ ಮಾಡುತ್ತಾರೆ. ನನ್ನದು ಇನ್ನೂ ಒಂದು ಮಟ್ಟ ಮೇಲಿತ್ತು. ಪೂಜೆಯಿಂದ ಇಳಿಸಿದ ಹೂವು ಪತ್ರಿಯನ್ನು, ಅಂದರೆ ನಿರ್ಮಾಲ್ಯವನ್ನು, ನಾನು ಕಸಕ್ಕೆ ಹಾಕುತ್ತಿರಲಿಲ್ಲ, ಯಾರಾದರೂ ತುಳಿದಾರು ಅಂತ ಗಿಡದ ಬುಡಕ್ಕೂ ಹಾಕುತ್ತಿರಲಿಲ್ಲ. ಚೀಲದಲ್ಲಿ ಕೂಡಿಡುತ್ತಿದ್ದೆ. ಮಾವ ಸೋಮವಾರ ಬೆಳಗ್ಗೆ ಮೊಪೆಡ್ ಮೇಲೆ ಹಂಪಸಾಗರಕ್ಕೆ ಹೋಗಿ ತುಂಗಭದ್ರೆಯ ಹಿನ್ನೀರು ಎಲ್ಲಿಗೆ ಬಂದಿದೆ ಅಂತ ನೋಡಿ ಬರುತ್ತಿದ್ದರು. ಯಾರೂ ಕೇಳಿರದ ಕೆಲಸ ಅದು, ಹಳೇ ಚಾಳಿ. ಅವರ ಕೈಯಲ್ಲಿ ಚೀಲ ಕೊಡುತ್ತಿದ್ದೆ.

"ಮಾವ, ಹೊಳಿಗೆ ಬಿಟ್ಟು ಬರ್ರಿ."

"ಆತವ್ವಾ."

ಮಧ್ಯಾಹ್ನ ಊಟಕ್ಕೆ ಬಂದಾಗ, "ಹೊಳಿ ಹೆಂಗೈತಿ ಮಾವ?" ಅಂದರೆ, "ಇಳದೈತಿ" ಅಂತಲೋ "ಏರೈತಿ" ಅಂತಲೋ ವರದಿ. ಜೊತೆಗೆ ಅವರ ಹಿತ್ತಲಿನ ಮಲ್ಲಿಗೆ ಒಂದು ಬೊಗಸೆ. ಹಡಗಲಿಯಿಂದ ತಂದು ನೆಟ್ಟ ಗಿಡ ಅದು. ಅಂಥ ಮಲ್ಲಿಗೆ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಬಿಡುತ್ತಿರಲಿಲ್ಲ. "ನಮ್ಮ ನಿರ್ಮಾಲ್ಯ ವಾರವಾರ ತುಂಗಭದ್ರೆಗೆ ಮುಟ್ಟತೈತಿ, ಅದಕ್ಕ ತಾಯಿ ಹೂವು ಕೊಡತಾಳ," ಅಂತ ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಕೇಳಿ ಕೇಳಿ ಉಳಿದ ಹೆಂಗಸರೂ ತಮ್ಮ ಚೀಲ ತಂದುಕೊಡತೊಡಗಿದರು. ಮಾವನ ಮೊಪೆಡ್ಡಿನ ಎರಡೂ ಹ್ಯಾಂಡಲ್ಲಿಗೆ ಚೀಲ ಜೋತುಬಿದ್ದು, ಮುದುಕಪ್ಪ ಸಂತೆಗೆ ಹೊರಟಂತೆ ಕಾಣುತ್ತಿದ್ದರು. ಪುಣ್ಯ ನನ್ನದು, ಪೆಟ್ರೋಲು ಅವರದು.

ಆ ಸೋಮವಾರ ಹರಪನಹಳ್ಳಿಯಿಂದ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಂದಿದ್ದಳು. ಅವಳು ಪೂಜೆಯನ್ನು ಹಲ್ಲುಜ್ಜಿದಷ್ಟೇ ಹೊತ್ತಿನಲ್ಲಿ ಮುಗಿಸುವವಳು. ಅವಳು ನೋಡುತ್ತಿದ್ದಾಳೆ ಅಂತ ನನ್ನ ಪೂಜೆ ಉದ್ದವಾಯಿತು. ದಿನಾ ಏರಿಸುವುದಕ್ಕಿಂತ ಎರಡು ಪಟ್ಟು ಹೂವು ಏರಿಸಿದೆ. ಕಣ್ಣು ಮುಚ್ಚಿದ್ದೆ, ಆದರೆ ಅವಳು ನೋಡುತ್ತಿದ್ದಾಳೋ ಇಲ್ಲವೋ ಅಂತ ನಡುನಡುವೆ ಒಂದು ಕಣ್ಣು ತೆಗೆದೂ ನೋಡಿದೆ.

ಲಿಂಗ ಇಡುವ ಬೆಳ್ಳಿಯ ಕರಡಿಗೆಯ ಮುಚ್ಚಳ ಮುರಿದು ಪತ್ತಾರರ ಅಂಗಡಿಗೆ ಹೋಗಿತ್ತು. ಹಾಗಾಗಿ ಪೂಜೆ ಮುಗಿಸಿ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಆರತಿ ಆದ ಮೇಲೆ ಕಟ್ಟಿಕೊಂಡರಾಯಿತು ಅಂತ ತಟ್ಟೆಯಲ್ಲಿಟ್ಟೆ. ಅದರ ಮೇಲೇ ಹೂವಿನ ರಾಶಿ ಜಾರಿತು. ಅಷ್ಟರಲ್ಲಿ ಕುಕ್ಕರ್ ಕೂಗಿತು. ನೆಗೆಣ್ಣಿ ಒಳಗಿಂದ, "ಅಕ್ಕಾ, ಹಾಲು ಉಕ್ತಾ ಐತೆ, ನಿಮ್ಮ ದೇವರು ಸ್ವಲ್ಪ ಬಿಡ್ತಾನಾ?" ಅಂದಳು. ಹೊರಗೆ ಮಾವ ಮೊಪೆಡ್ಡಿನ ಹಾರ್ನ್ ಒತ್ತಿದರು. ತಟ್ಟೆಯಲ್ಲಿದ್ದುದನ್ನೆಲ್ಲ ಬೊಗಸೆಯಲ್ಲಿ ಬಳಿದು ಚೀಲಕ್ಕೆ ಹಾಕಿ, ಗಂಟು ಬಿಗಿದು, ಬಾಗಿಲಲ್ಲಿ ಕೊಟ್ಟು ಬಂದೆ.

ಆಮೇಲೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಕೂತೆ. ತಿನ್ನುವ ಮೊದಲು ಲಿಂಗವನ್ನು ಕಣ್ಣಿಗೊತ್ತಿಕೊಳ್ಳುವುದು ರೂಢಿ. ಕೈ ಕೊರಳಿಗೆ ಹೋಯಿತು. ಕೊರಳಲ್ಲಿ ಲಿಂಗ ಇರಲಿಲ್ಲ.

ಮಂಡಕ್ಕಿ ಇನ್ನೂ ಬಾಯಿಗೆ ಹೋಗಿರಲಿಲ್ಲ. ಅದನ್ನು ಇವತ್ತಿಗೂ ಕೃಪೆಯ ಲೆಕ್ಕಕ್ಕೇ ಹಿಡಿಯುತ್ತೇನೆ.

ನಮ್ಮಜ್ಜಿ ಹೇಳುತ್ತಿದ್ದರು, ಲಿಂಗ ಕಳಕೊಂಡವರು ಅದು ಸಿಗುವ ತನಕ ಅನ್ನ ನೀರು ಹಾಗಿರಲಿ, ಉಗುಳೂ ನುಂಗಬಾರದು ಅಂತ. ಕಳೆದರೆ ಗುರುಗಳ ಹತ್ತಿರ ಬೇರೆ ಕಟ್ಟಿಸಿಕೊಳ್ಳಬಹುದು ಅಂತ ಈಗ ಎಲ್ಲರೂ ಅನ್ನುತ್ತಾರೆ. ಇರಬಹುದು. ನನಗೆ ಬೇಕಾದದ್ದು ನಮ್ಮವ್ವನ ತೊಡೆಯ ಮೇಲೆ ಕೂತು ಕಟ್ಟಿಸಿಕೊಂಡದ್ದೇ, ಮೂರು ಬಾಣಂತನದಲ್ಲೂ ಎದೆಗೆ ತಗಲಿಕೊಂಡೇ ಇದ್ದದ್ದೇ. ಉಗುಳು ನುಂಗಬಾರದು ಅಂತ ನೆನಪಾದ ಗಳಿಗೆಯಿಂದ ಬಾಯಿ ತುಂಬ ಉಗುಳೇ ಬರತೊಡಗಿತು. ಬಾಯಿ ಬಿಗಿದುಕೊಂಡು ನೆಗೆಣ್ಣಿಗೆ ಕೊರಳು ತೋರಿಸಿದೆ.

"ಏನಕ್ಕ? ತಾಳಿ ಐತಲ್ಲ ಕೊರಳಾಗೆ," ಅಂದಳು. ಮತ್ತೆ ತೋರಿಸಿದೆ. "ಗಂಟಲಾಗೆ ಮೆಣಸಿನಕಾಯಿ ಸಿಕ್ಕಾಂಡೈತಾ? ನೀರು ಕುಡೀರಿ ಮತ್ತೆ." ನಾನು ಎರಡೂ ಕೈಯಲ್ಲಿ ನೀರಿನ ಲೋಟ ದೂರ ತಳ್ಳಿದ್ದು ನೋಡಿ ಹೆದರಿ, ಅಂಗಡಿಗೆ ಫೋನು ಮಾಡಿದಳು.

ನಮ್ಮ ಯಜಮಾನರದು ಶೇಂಗಾ ದಲಾಲಿ ಅಂಗಡಿ. ಮಾಲು ಬಿಟ್ಟು ಓಡಿ ಬಂದರು. ಅಷ್ಟರೊಳಗೆ ನಾನು ಒಂದು ಚೀಟಿಯ ಮೇಲೆ 'ಲಿಂಗ' ಅಂತ, ಅದರ ಕೆಳಗೆ 'ಉಗುಳು ನುಂಗಬಾರದು' ಅಂತ ಬರೆದು ತೋರಿಸಿದ್ದರಿಂದ ನೆಗೆಣ್ಣಿಗೆ ವಿಷಯ ತಿಳಿದಿತ್ತು.

"ಮಾತಾಡಾಕ ಏನಾಗೈತಿ ಈಕಿಗಿ?"

"ಉಗುಳು ನುಂಗಬಾರದಂತೆ ಭಾವ, ಸಿಗೋ ತನಕ."

"ಹಂಗಾರ ನಿಧಾನ ಹುಡುಕೋಣು," ಅಂದರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಜಗಲಿ, ಹಾಸಿಗೆ, ಹಿಟ್ಟಿನ ಡಬ್ಬಿ, 'ಮಾವನ ಡ್ಯಾಮು' ಎಲ್ಲ ನೋಡಿದೆವು. ಡ್ಯಾಮಿನಲ್ಲಿ ನೆಗೆಣ್ಣಿಯ ಕೂದಲಿನ ಪಿನ್ನು ಬಿಟ್ಟರೆ ಏನೂ ಇರಲಿಲ್ಲ. ಕೊನೆಗೆ ಅವರು ಖಾಲಿ ಹೂವಿನ ತಟ್ಟೆ ಎತ್ತಿ ಹಿಡಿದು, "ಇದರಾಗಿನ ಹೂವು ಎಲ್ಲಿ?" ಅಂದರು. ಬಾಗಿಲಲ್ಲಿ ಕೊಟ್ಟ ಚೀಲ ನನಗೆ ಆಗ ನೆನಪಾಯಿತು. ಕೈ ಹಂಪಸಾಗರದ ದಿಕ್ಕಿಗೆ ಹೋಯಿತು.

ಸ್ಕೂಟರಿನ ಹಿಂದೆ ಕೂತೆ. ದಾರಿಯಲ್ಲಿ ಎಷ್ಟು ಸಲ ಉಗುಳು ನುಂಗಿದೆನೋ ಶಿವನೇ ಬಲ್ಲ, ಆ ರಸ್ತೆಯ ತಗ್ಗುಗಳಿಗೆ ಅಜ್ಜಿಯ ನೇಮ ಗೊತ್ತಿರಲಿಲ್ಲ. ಕಲ್ಲಿನ ದೇವರು ಹೂವಿನಂತೆ ತೇಲುವುದಿಲ್ಲ, ಹೊಳೆಗೆ ಬಿದ್ದರೆ ನೇರ ತಳ. ಅಷ್ಟು ದೊಡ್ಡ ಹಿನ್ನೀರಿನಲ್ಲಿ ಎಲ್ಲಿ ಅಂತ ಹುಡುಕುವುದು?

ಊರ ಅಂಚಿಗೆ ಬಂದಾಗ ಮಾವನ ಮನೆ ಮುಂದೆ ಮೊಪೆಡ್ ನಿಂತಿತ್ತು. ಹ್ಯಾಂಡಲ್ಲಿನಲ್ಲಿ ಚೀಲ ಇರಲಿಲ್ಲ. ಮಾವ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು.

"ಮಾವಾರ, ಹೊಳಿಗಿ ಹೋಗಿದ್ರೇನು?"

"ಹ್ಞೂಂ, ಆಗಲೇ ಬಿಟ್ಟು ಬಂದೆ. ನೀರು ಒಂದೀಟು ಏರೈತಿ ಅಳಿಯಾರ," ಅಂದರು ಪೇಪರಿನಿಂದ ತಲೆ ಎತ್ತದೆ.

ನಾನು ಅವರ ಮೆಟ್ಟಿಲ ಮೇಲೆ ಕುಸಿದೆ. ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ, ಉಗುಳೂ ಕಣ್ಣೀರೂ, ಒಟ್ಟಿಗೇ ಬಂತು. ಯಜಮಾನರು ನಡೆದದ್ದು ಹೇಳಿದರು. ಮಾವ ಪೇಪರು ಮಡಚಿದರು. ಕನ್ನಡಕ ತೆಗೆದು, ಏನೂ ಕೊಳೆಯಿಲ್ಲದ ಗಾಜನ್ನು ಪಂಚೆಯ ಚುಂಗಿನಿಂದ ಒರೆಸುತ್ತ ಕೂತರು.

"ಅಳಬ್ಯಾಡ. ಅದು ಹೊಳಿಗೆ ಹೋಗಿಲ್ಲ."

"ಯಾವುದು ಹೋಗಿಲ್ಲ?" ಅಂದರು ಯಜಮಾನರು.

"ಯಾವುದೂ ಹೋಗಿಲ್ಲ. ಯಾವತ್ತೂ ಹೋಗಿಲ್ಲ." ಎದ್ದು ನಿಂತರು. "ಹಿತ್ತಲಕ ಬರ್ರಿ."

ನಾನು ಅವರ ಹಿತ್ತಲನ್ನು ಮಲ್ಲಿಗೆ ಚಪ್ಪರದ ತನಕ ಮಾತ್ರ ನೋಡಿದ್ದೆ. ಅದರ ಹಿಂದೆ, ಪತ್ರಿ ಗಿಡದ ಪಕ್ಕ, ಇಟ್ಟಿಗೆ ಕಟ್ಟಿ ಗಿಲಾವು ಮಾಡಿದ ಒಂದು ಚೌಕ ಗುಂಡಿ ಇತ್ತು. ಸುತ್ತ ಮೊಣಕಾಲೆತ್ತರದ ಕಟ್ಟೆ, ಮೇಲೆ ಮುಚ್ಚಲು ಕಬ್ಬಿಣದ ಹಿಡಿ ಇರುವ ಕಲ್ಲುಚಪ್ಪಡಿ. ಬಟ್ಟೆ ಒಣಗಿಸುವ ತಂತಿಯ ಮೇಲೆ ತೊಳೆದ ಪ್ಲಾಸ್ಟಿಕ್ ಚೀಲಗಳು ಸಾಲಾಗಿ ಜೋತಿದ್ದವು. ಕೊನೆಯದು ನನ್ನದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಸರ್ವಿಸ್ಸಿನಾಗೆಲ್ಲ ಕಾಲುವಿ ತೂಬಿನ ಜಾಲರಿಗೆ ಸಿಕ್ಕ ಹಾರ, ಚೀಲ ತಗಿಸೋದೇ ಕೆಲಸ ಆಗಿತ್ತವ್ವಾ," ಅಂದರು. "ಮೊದಲನೇ ವಾರ ನಿನ್ನ ಚೀಲ ಹೊಳಿತನಕ ಒಯ್ದಿದ್ದೆ. ಬಿಡಾಕ ಕೈ ಬರಲಿಲ್ಲ. ನಿನಗ ಹೇಳಾಕ ಬಾಯಿ ಬರಲಿಲ್ಲ."

"ತಿಪ್ಪಿಗುಂಡ್ಯಾಗ ನನ್ನ ನಿರ್ಮಾಲ್ಯ ಹಾಕೀರಿ," ಅಂದೆ. ಲಿಂಗ ಕಳೆದಾಗಿನಿಂದ ಮಾತಿಗೆ ಬಾಯಿ ತೆರೆದದ್ದು ಅದೇ ಮೊದಲು.

"ತಿಪ್ಪಿ ಅಲ್ಲದು. ತರಕಾರಿ ಸಿಪ್ಪಿ ಸೈತ ಇದರಾಗ ಬಿದ್ದಿಲ್ಲ, ಅದಕ್ಕ ಬ್ಯಾರೆ ಗುಂಡಿ ಐತಿ. ಯಾರದೂ ಕಾಲು ಬೀಳಬಾರದಂತ ಕಟ್ಟಿ ಕಟ್ಟೀನಿ, ನೋಡು."

ನನಗೆ ಸಿಟ್ಟು ಎಲ್ಲಿಡಬೇಕೋ ತಿಳಿಯಲಿಲ್ಲ. "ನೀರಿಗೆ ಸುಳ್ಳು ಹೇಳಾಕ ಬರಂಗಿಲ್ಲ ಅಂತಿದ್ರಲ್ಲ ಮಾವ."

"ನೀರಿಗೆ ಎಲ್ಲಿ ಹೇಳೀನಿ? ನಿನಗ ಹೇಳೀನಿ," ಅಂದರು. ನಗಲಿಲ್ಲ. ನನ್ನ ಮುಖ ನೋಡುವ ಧೈರ್ಯವೂ ಇದ್ದಂತಿರಲಿಲ್ಲ.

ಸಂಕಟ ಏನೆಂದರೆ, ಬೆಳಗ್ಗೆ ಬಂದ ಚೀಲಗಳನ್ನೆಲ್ಲ ಗುಂಡಿಗೆ ಸುರುವಿ, ಅವರು ಆಗಲೇ ಸಲಿಕೆಯಿಂದ ಮಗುಚಿ ನೀರು ಚಿಮುಕಿಸಿಬಿಟ್ಟಿದ್ದರು. ನನ್ನೊಬ್ಬಳ ಹೂವಲ್ಲ, ಇಡೀ ಓಣಿಯ ಹೂವು. ಅದನ್ನು ಅಲ್ಲಿಗೆ ಕಳಿಸಿದ ನನ್ನ ಬಾಯಿಯನ್ನೇ ಬಯ್ದುಕೊಂಡೆ. ಯಜಮಾನರು ತೋಳು ಮಡಚಿ ಕೈ ಹಾಕಲು ಹೋದರು. ಮಾವ ತಡೆದರು.

"ಹಂಗ ಕೆದರಿದ್ರ ಮ್ಯಾಲಿಂದು ತಳಕ್ಕ ಹೋಗತೈತಿ. ಸರೀರಿ ಅಳಿಯಾರ, ಇದು ಶೇಂಗಾ ಅಲ್ಲ."

ಮನೆ ಕಟ್ಟಿದಾಗಿನ ಉಸುಕು ಸಾಣಿಸುವ ಜರಡಿ ಮೂಲೆಯಲ್ಲಿತ್ತು. ಅದನ್ನು ತಂದು ಗೋಡೆಗೆ ಓರೆಯಾಗಿ ನಿಲ್ಲಿಸಿ, ಕೆಳಗೆ ಒಗೆದ ಪಂಚೆ ಹಾಸಿ, ಪದರ ಪದರವಾಗಿ ಎತ್ತಿ ಸಾಣಿಸಲು ನಿಂತರು. ಯಾರಾದರೂ ಅವಸರ ಮಾಡಿದರೆ ಸಿಟ್ಟು. ಜರಡಿಯ ಮೇಲೆ ಏನೇನೋ ಉಳಿಯಿತು: ಯಾರದೋ ಆರತಿಯ ಚಮಚ, ಅರ್ಧ ಹೋಳು ಕೊಬ್ಬರಿ, ಒಂದು ಗಂಟೆಯ ನಾಲಗೆ, ಕಿವಿಯೋಲೆಯ ತಿರುಪು. ದೇವರಿಗೆ ಏರಿಸುವ ಭರದಲ್ಲಿ ದೇವರ ಸಾಮಾನನ್ನೇ ಬಿಸಾಡುವವಳು ನಾನೊಬ್ಬಳೇ ಅಲ್ಲ ಅಂತ ತಿಳಿದು ಸ್ವಲ್ಪ ಸಮಾಧಾನವಾಯಿತು. ಆದರೆ ದೇವರನ್ನೇ ಬಿಸಾಡಿದವಳು ನಾನೊಬ್ಬಳೇ.

ಬಿಸಿಲು ನೆತ್ತಿಗೆ ಬಂತು. ಮಾವನ ಬನಿಯನ್ ಬೆನ್ನಿಗೆ ಅಂಟಿತ್ತು. ಯಜಮಾನರು ನೀರು ತಂದುಕೊಟ್ಟರೆ ತಲೆ ಅಲ್ಲಾಡಿಸಿದರು. "ಆಕಿ ಕುಡೀಲಿ, ಆಮ್ಯಾಲೆ ನಾನು."

"ನೀವ್ಯಾಕ ಮಾವ, ನಿಮ್ಮ ಕೊರಳಾಗ ಐತಲ್ಲ," ಅಂದೆ.

"ಐತಿ. ಕುಡಿಯೋ ಮನಸಿಲ್ಲ." ಮತ್ತೆ ಸಲಿಕೆ ಹಿಡಿದರು.

ಆಗ ನನ್ನ ಸಿಟ್ಟು ಇಳಿಯಿತು. ಅದಕ್ಕೂ ಒಂದು ಇಳಿಜಾರು ಬೇಕಿತ್ತು ಅಂತ ಕಾಣುತ್ತದೆ. ನಾನೂ ಜರಡಿಯ ಪಕ್ಕ ಕೂತು ಬಿದ್ದ ಹೂವು ಸವರತೊಡಗಿದೆ. ಮೇಲಿನವು ಇನ್ನೂ ಹೂವಾಗಿದ್ದವು, ಅದರ ಕೆಳಗೆ ಕಂದು ಎಸಳು, ಇನ್ನೂ ಕೆಳಗೆ ಬರೀ ಕರಿ ಮಣ್ಣು. ಮೂಸಿ ನೋಡಿದೆ. ವಿಭೂತಿಯ ವಾಸನೆ ಇನ್ನೂ ಇತ್ತು.

ಜರಡಿಯ ಮೇಲೆ ಕೊಳೆಯಾದ ಬಟ್ಟೆಯ ಉಂಡೆಯೊಂದು ಉರುಳಿ ಬಂದು ತಂತಿಗೆ ತಗಲಿ ನಿಂತಿತು. ಹತ್ತಿರ ಇದ್ದವರು ಮಾವ. ಅವರು ಮುಟ್ಟಲಿಲ್ಲ. ಸಲಿಕೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, "ನೀನೇ ತಗೋ," ಅಂದರು.

ಎತ್ತಿಕೊಂಡು ಗಂಟು ಬಿಚ್ಚಿದೆ. ನನ್ನ ಲಿಂಗ ಒಳಗೆ ಕರ್ರಗೆ, ತಂಪಾಗಿ, ಏನೂ ಆಗಿಲ್ಲವೆಂಬಂತೆ ಕೂತಿತ್ತು.

ಅಲ್ಲೇ ಪತ್ರಿ ಗಿಡದ ಬುಡದಲ್ಲಿ ನೀರು ಹಾಕಿ ತೊಳೆದು, ಅದೇ ಗಿಡದ ಎಲೆ ಏರಿಸಿ, ಕಣ್ಣಿಗೊತ್ತಿಕೊಂಡು ಕಟ್ಟಿಕೊಂಡೆ. ನಾನು ಒಂದು ಗುಟುಕು ನೀರು ಕುಡಿದ ಮೇಲೆ ಮಾವ ಒಂದು ಚೊಂಬು ಎತ್ತಿ ಗಟಗಟ ಕುಡಿದರು. ಬಾಯಿ ಒರೆಸಿಕೊಂಡು, ಬೇರೆ ಎಲ್ಲೋ ನೋಡುತ್ತ ಕೇಳಿದರು, "ನಾಳಿಂದ ಊಟಕ್ಕ ಬರಲ್ಯೋ ಬ್ಯಾಡೋ?"

ಅಷ್ಟು ದೊಡ್ಡ ಮನುಷ್ಯ, ಎಷ್ಟೋ ಜನರನ್ನು ಬೈದು ಕೆಲಸ ಮಾಡಿಸಿದವರು, ಒಂದು ರೊಟ್ಟಿಗೋಸ್ಕರ ಹಾಗೆ ನಿಂತದ್ದು ನನಗೆ ನೋಡಲಾಗಲಿಲ್ಲ. "ಇವತ್ತಿನ ಊಟಾನ ಆಗಿಲ್ಲ, ನಾಳಿ ಮಾತ್ಯಾಕ ಈಗ. ನಡೀರಿ," ಅಂದೆ.

ಆದರೂ ಮನಸ್ಸು ತಡೆಯದೆ ಸಂಜೆ ಮಠಕ್ಕೆ ಹೋಗಿ ಅಜ್ಜಾರನ್ನು, ಅಂದರೆ ಅಲ್ಲಿನ ಸ್ವಾಮಿಗಳನ್ನು, ಕೇಳಿದೆ, ಪ್ರಾಯಶ್ಚಿತ್ತ ಏನು ಅಂತ. ಅವರು ಎಲ್ಲ ಕೇಳಿಸಿಕೊಂಡು, "ಆ ಗುಂಡ್ಯಾಗ ಏನೇನಿತ್ತು ತಾಯಿ?" ಅಂದರು. "ಹೂವು, ಪತ್ರಿ, ವಿಭೂತಿ." "ಹಂಗಾರ ಅದು ಪೂಜ್ಯಾಗ ಇತ್ತಲ್ಲ. ಹೋಗಿ ಉಣ್ಣು." ನಾನು ಆಗಲೇ ಉಂಡಿದ್ದೇನೆ ಅಂತ ಹೇಳಲಿಲ್ಲ.

ಓಣಿಯಲ್ಲಿ ಈ ವಿಷಯ ಹೇಗೆ ಮುಚ್ಚಿಡುವುದು ಅಂತ ನಾನು ಯೋಚಿಸುವಷ್ಟರಲ್ಲಿ ನೆಗೆಣ್ಣಿ ಎರಡೂ ಬದಿಯ ಮನೆಗಳಿಗೆ ಹೇಳಿ ಮುಗಿಸಿದ್ದಳು. ತುಂಗಭದ್ರೆಯ ಹೆಸರಿನಲ್ಲಿ ನಾನು ಮೆರೆದದ್ದನ್ನೆಲ್ಲ ಹೆಂಗಸರು ಬಡ್ಡಿ ಸಮೇತ ವಸೂಲಿ ಮಾಡಿದರು. ತಮ್ಮ ಆರತಿ ಚಮಚ, ತಿರುಪುಗಳನ್ನು ಒಯ್ಯಲು ಬಂದಾಗ ಮಾತ್ರ ತುಸು ಮೆತ್ತಗಾದರು. ಮರುವಾರ ಚೀಲಗಳು ಮತ್ತೆ ಬಂದವು, ಮೊದಲಿಗಿಂತ ಒಂದೆರಡು ಹೆಚ್ಚೇ. ನಾನೂ ಕೊಟ್ಟೆ.

"ಮಾವ, ಹೊಳಿಗೆ ಬಿಟ್ಟು ಬರ್ರಿ," ಅಂದೆ.

"ಆತವ್ವಾ," ಅಂದರು. ಅವರ ಮೀಸೆಯ ತುದಿ ಸ್ವಲ್ಪ ಅಲುಗಿತು. ಮಧ್ಯಾಹ್ನ ಹೊಳೆಯ ವರದಿಯೂ ಬಂತು, ಮಲ್ಲಿಗೆಯೂ ಬಂತು. ಅದೇ ಹೂವು ಗುಂಡಿಗೆ ಹೋಗಿ, ಗಿಡಕ್ಕೆ ಹೋಗಿ, ಮತ್ತೆ ನನ್ನ ಕೈಗೆ ಬರುತ್ತಿದೆ ಅಂತ ಈಗ ನನಗೆ ಗೊತ್ತಿತ್ತು.

ಕೆಲವು ವರ್ಷದ ಮೇಲೆ ಒಂದು ಸಣ್ಣ ಜ್ವರ ಬಂದು ಮಾವ ಹೋದರು. ಹೆಚ್ಚು ನರಳಲಿಲ್ಲ, ಹಿಂದಿನ ದಿನ ಅರ್ಧ ರೊಟ್ಟಿ ತಿಂದಿದ್ದರು, ಅದು ನನ್ನ ಕೈಯದೇ. ಕೊಟ್ಟೂರಿನ ಹೊಲದಲ್ಲಿ ಮಣ್ಣು ಮಾಡಿದೆವು. ನಾನು ಬುಟ್ಟಿ ತುಂಬ ಅವರ ಹಿತ್ತಲಿನ ಪತ್ರಿ, ಮಲ್ಲಿಗೆ ಬಿಡಿಸಿಕೊಂಡು ಹೋಗಿದ್ದೆ. ಕುಣಿಯ ಒಳಗೆ ಕೂಡಿಸಿ, ಅವರ ಲಿಂಗವನ್ನು ಅವರ ಕೈಗಿಟ್ಟು, ವಿಭೂತಿ, ಪತ್ರಿ, ಹೂವು ಮೇಲೆ ಸುರಿದರು. ಯಜಮಾನರು ನನ್ನ ಕಿವಿಯ ಹತ್ತಿರ ಬಂದು, "ಕುಣಿ ತಳ ಮಟ್ಟ ಐತೋ ಇಲ್ಲೋ, ಮಾವಾರು ನೋಡತಿರತಾರ," ಅಂದರು. ಆಮೇಲೆ ಅವರೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಕೈ ನನಗೆ ತಿಳಿಯದೇ ಕೊರಳಿಗೆ ಹೋಗಿತ್ತು.

ಈಗ ಆ ಮನೆಯಲ್ಲಿ ಬಾಡಿಗೆಗೆ ಒಬ್ಬ ಮೇಷ್ಟರು, ಅವರ ಹೆಂಡತಿ ಇದ್ದಾರೆ. ಬಾಡಿಗೆಗೆ ಕೊಡುವಾಗಲೇ ಹಿತ್ತಲಿನ ಆ ಗುಂಡಿ ಮಾತ್ರ ನಮ್ಮದು ಅಂತ ಹೇಳಿದ್ದೆವು. ಸೋಮವಾರ ನಾನೇ ಚೀಲ ಹಿಡಿದು ನಡೆದುಕೊಂಡು ಹೋಗುತ್ತೇನೆ, ಚಪ್ಪಡಿ ಸರಿಸಿ ಹಾಕಿ, ಚೀಲ ತೊಳೆದು ತಂತಿಗೆ ಹಾಕುತ್ತೇನೆ. ಮೊದಮೊದಲು ಮೇಷ್ಟರ ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು. ಒಂದು ದಿನ ಹೊರಗೆ ಬಂದು, ತಮ್ಮ ದೇವರ ಹೂವು ತುಂಬಿದ ಒಂದು ಸಣ್ಣ ಚೀಲ ತೋರಿಸಿ, "ಅಮ್ಮಾ, ನಮ್ಮದೂ ಇದರಾಗ ಹಾಕಬೌದೇನ್ರಿ?" ಅಂದಳು.

"ಹಾಕವ್ವಾ. ಆದರ ಮೊದಲು ಕೊರಳು ಮುಟ್ಟಿ ನೋಡ್ಕೋ."

ಅವರ ಮನೆಯಲ್ಲಿ ಲಿಂಗ ಕಟ್ಟುವ ಪದ್ಧತಿಯಿಲ್ಲ. ಯಾಕೆ ಅಂತ ಅವಳು ಕೇಳಲೂ ಇಲ್ಲ. ಕೊರಳು ಮುಟ್ಟಿ ನೋಡಿಕೊಂಡಳು, ತಾಳಿ ಇತ್ತು. ಆಮೇಲೆ ಚೀಲ ಸುರುವಿದಳು.